ಅನ್ನದ ದಾಸೋಹ ನಡೆದಿದೆ, ಓದಿನ ದಾಸೋಹ ನಡೆಯಲಿ

ಶಾಲಾ ಮಕ್ಕಳ ಬಿಸಿಯೂಟದ ಯೋಜನೆಗೆ ನಮ್ಮ ರಾಜ್ಯ ಸರ್ಕಾರ ಇಟ್ಟಿರುವ ಹೆಸರು ‘ಅಕ್ಷರ ದಾಸೋಹ’. ಹೆಸರಿನಲ್ಲಿ ಅಕ್ಷರವಿದೆ, ತಟ್ಟೆಯಲ್ಲಿ ಅನ್ನವಿದೆ. ಅನ್ನವಿಲ್ಲದೆ ಅಕ್ಷರ ತಲೆಗೆ ಹತ್ತುವುದಿಲ್ಲ ಎಂಬುದನ್ನು ಸರ್ಕಾರಕ್ಕಿಂತ ಬಹಳ ಮೊದಲೇ ಅರಿತವರು ನಮ್ಮ ಮಠಗಳ ಪೂಜ್ಯರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಮಹಾಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಮೂರನ್ನೂ ಕೊಟ್ಟರು. 2019ರಲ್ಲಿ ಅವರು ಲಿಂಗೈಕ್ಯರಾದಾಗ ನಾಡೇ ಕಣ್ಣೀರಿಟ್ಟದ್ದು ಈ ತ್ರಿವಿಧ ದಾಸೋಹವನ್ನು ನೆನೆದು.

ಈ ಪರಂಪರೆಯ ಬಗ್ಗೆ ಹೆಮ್ಮೆ ಇರುವುದರಿಂದಲೇ ಒಂದು ಕಟುವಾದ ಪ್ರಶ್ನೆ ಕೇಳುತ್ತಿದ್ದೇನೆ. ನಮ್ಮ ಪ್ರಸಾದ ನಿಲಯಗಳಲ್ಲಿ ಉಂಡು ಮಲಗಿ ಏಳುವ ಮಗು ನಿಜವಾಗಿ ಓದಲು ಕಲಿಯುತ್ತಿದೆಯೇ? ಮೊದಲು ಕನ್ನಡವನ್ನು, ಆಮೇಲೆ ಇಂಗ್ಲಿಷನ್ನು?

ದೇಶದ ಹಳ್ಳಿಗಳ ಸ್ಥಿತಿಯನ್ನು ‘ಅಸರ್’ ವರದಿ ಹೇಳುತ್ತ ಬಂದಿದೆ. 2ನೇ ತರಗತಿಯ ಪಾಠವನ್ನು ತನ್ನ ಭಾಷೆಯಲ್ಲಿ ಓದಬಲ್ಲ 5ನೇ ತರಗತಿಯ ಮಕ್ಕಳು 2018ರಲ್ಲಿ ಶೇ. 50.5 ಇದ್ದರು. ಕೊರೋನಾ ದಾಟಿದ ಮೇಲೆ, 2022ರಲ್ಲಿ, ಅದು ಶೇ. 42.8ಕ್ಕೆ ಇಳಿಯಿತು. ಸರಳವಾದ ಇಂಗ್ಲಿಷ್ ವಾಕ್ಯವನ್ನು ಓದಬಲ್ಲವರು ಅದೇ ತರಗತಿಯಲ್ಲಿ ಶೇ. 24.5 ಮಾತ್ರ. ಅಂದರೆ ನಾಲ್ಕು ಮಕ್ಕಳಲ್ಲಿ ಮೂವರಿಗೆ ಇಂಗ್ಲಿಷಿನ ಒಂದು ಸಾಲು ಓದಲು ಬಾರದು. ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ವಿಷಯವೇನೋ ಬಂತು, ಓದು ಬರಲಿಲ್ಲ.

ಇಂಗ್ಲಿಷಿನ ಮಾತು ಈ ಪತ್ರಿಕೆಯಲ್ಲಿ ಏಕೆ ಎಂದು ಕೆಲವು ಶರಣ ಬಂಧುಗಳಿಗೆ ಅನ್ನಿಸಬಹುದು. 12ನೇ ಶತಮಾನವನ್ನು ನೆನೆಯೋಣ. ಅಂದು ಧರ್ಮದ ಮಾತು ಸಂಸ್ಕೃತದ ಬೇಲಿಯೊಳಗಿತ್ತು. ಬೇಲಿಯ ಒಳಗೆ ಯಾರು, ಹೊರಗೆ ಯಾರು ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಬಸವಾದಿ ಶರಣರು ಅನುಭಾವವನ್ನು ಜನರ ಮಾತಿಗೆ ತಂದರು. ಅಗಸ, ಅಂಬಿಗ, ಅಕ್ಕಿ ಆಯುವ ಹೆಣ್ಣುಮಗಳು, ಎಲ್ಲರೂ ವಚನಕಾರರಾದರು. ಇಂದು ನ್ಯಾಯಾಲಯದ ತೀರ್ಪು, ವೈದ್ಯರ ಚೀಟಿ, ಬ್ಯಾಂಕಿನ ಕರಾರು, ಮೇಲಿನ ಓದು ಬಹುಪಾಲು ಇಂಗ್ಲಿಷಿನ ಬೇಲಿಯೊಳಗಿವೆ. ಆ ಬೇಲಿಯನ್ನು ಇಂದು ಕಾಯುತ್ತಿರುವುದು ಹಣ. ಶುಲ್ಕ ಕಟ್ಟಬಲ್ಲವರ ಮಕ್ಕಳು ಒಳಗೆ ಹೋಗುತ್ತಾರೆ, ಉಚಿತ ಪ್ರಸಾದ ನಿಲಯದ ಮಕ್ಕಳು ಹೊರಗೆ ನಿಂತು ‘ಎ ಫಾರ್ ಆಪಲ್’ ಎಂದು ಕೂಗುತ್ತಿದ್ದಾರೆ. ಕನ್ನಡವನ್ನು ಉಳಿಸಬೇಕು, ಆಡಳಿತವನ್ನು ಕನ್ನಡಕ್ಕೆ ತರಬೇಕು, ಆ ಹೋರಾಟದಲ್ಲಿ ನಾನೂ ಇದ್ದೇನೆ. ಆದರೆ ಆ ಹೋರಾಟ ಮುಗಿಯುವವರೆಗೆ ಬಡವರ ಮಗು ಮಾತ್ರ ಬೇಲಿಯ ಹೊರಗಿರಲಿ ಎನ್ನುವುದು ಶರಣ ಧರ್ಮವಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಪ್ರಾಥಮಿಕ ಶಾಲೆಯಲ್ಲಿ ಜೀವಮಾನ ಕಳೆದು, ಈಗ ಪ್ರಸಾದ ನಿಲಯವೊಂದರಲ್ಲಿ ಸಂಜೆ ಪಾಠ ಹೇಳುತ್ತಿರುವ ನನಗೆ ಕಾಣುವುದು ಇಷ್ಟು: ನಾವು ಇಂಗ್ಲಿಷನ್ನು ಓದಿಸುತ್ತಿಲ್ಲ, ಬಾಯಿಪಾಠ ಮಾಡಿಸುತ್ತಿದ್ದೇವೆ. 5ನೇ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ಪಾಠವನ್ನು ಗಡಗಡನೆ ಒಪ್ಪಿಸಿದ. ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನಪ್ಪ?’ ಎಂದೆ. ಅವನು ಪಾಠವನ್ನು ಮೊದಲಿನಿಂದ ಗುನುಗುತ್ತ ಬಂದು, ಬೆರಳಿರುವ ಜಾಗಕ್ಕೆ ತಲುಪಿ ಪದ ಹೇಳಿದ. ಅದೇ ಪದವನ್ನು ಹಲಗೆಯ ಮೇಲೆ ಬರೆದಾಗ ಸುಮ್ಮನೆ ನಿಂತ. ಜಾಣ ಹುಡುಗ. ನಾವು ಕೇಳಿದ್ದನ್ನು ನಾವು ಕಲಿಸಿದ ದಾರಿಯಲ್ಲಿಯೇ ಕೊಟ್ಟ.

ಕನ್ನಡ ಮಗು ಇಂಗ್ಲಿಷಿನಲ್ಲಿ ಎಡವುವುದಕ್ಕೆ ಸ್ಪಷ್ಟವಾದ ಕಾರಣವಿದೆ. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಉಲಿಯೂ ಒಂದೇ. ‘ಮ’ದ ಹೆಸರು ಮ, ‘ರ’ದ ಹೆಸರು ರ, ಎರಡನ್ನೂ ಕೂಡಿಸಿದರೆ ‘ಮರ’. ಅಕ್ಷರವನ್ನು ನಂಬಿದರೆ ಪದ ತಾನಾಗಿ ಬರುತ್ತದೆ. ನಲಿ-ಕಲಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ‘ರ, ಗ, ಸ, ದ, ಅ’ ಎಂದು ಆರಂಭಿಸುವುದು ಇದಕ್ಕೇ. ಐದೇ ಅಕ್ಷರ ಬಂದರೆ ಸಾಕು, ಅರ, ಸರ, ದರ, ಅಗಸ, ಗರಗಸ ಎಂದು ಮಗು ಮೊದಲ ವಾರಗಳಲ್ಲಿಯೇ ಪದ ಓದುತ್ತದೆ. ಇವೆಲ್ಲ ಕಾಗುಣಿತವಿಲ್ಲದ, ಹ್ರಸ್ವ ಸ್ವರದ ಪದಗಳು. ಚಿಕ್ಕ ಬಂಡವಾಳ, ದೊಡ್ಡ ಲಾಭ.

ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಅಕ್ಷರದ ಹೆಸರೇ ಬೇರೆ, ಉಲಿಯೇ ಬೇರೆ. ‘ಸಿ, ಎ, ಟಿ’ ಎಂದು ಎಷ್ಟು ವೇಗವಾಗಿ ಹೇಳಿದರೂ ಅದು ‘ಸಿಎಟಿ’ ಆದೀತೇ ಹೊರತು ‘ಕ್ಯಾಟ್’ ಆಗದು. ಶಿಕ್ಷಕರು ‘ಸಿಎಟಿ ಕ್ಯಾಟ್’ ಎಂದು ಹೇಳಿಕೊಡುತ್ತಾರೆ. ಮಗು ಕಾರಣ ತಿಳಿಯದೆ ನಂಬಿ ಒಪ್ಪಿಸುತ್ತದೆ. ಕಾರಣ ಕೇಳದೆ ಮಂತ್ರ ಒಪ್ಪಿಸುವುದನ್ನು ಶರಣರು ಎಂದೋ ಬಿಟ್ಟರು, ನಾವು ಅದನ್ನು 1ನೇ ತರಗತಿಯ ಕೋಣೆಯಲ್ಲಿ ಉಳಿಸಿಕೊಂಡಿದ್ದೇವೆ.

ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ದೇಶಗಳೂ ಈ ಜಗಳವನ್ನು ದಶಕಗಳ ಕಾಲ ಆಡಿವೆ. ಇಡೀ ಪದವನ್ನು ಚಿತ್ರದಂತೆ ನೋಡಿ ನೆನಪಿಡಬೇಕು ಎಂದು ಒಂದು ಪಂಥ, ಅಕ್ಷರದ ಉಲಿಗಳನ್ನು ಕೂಡಿಸಿ ಓದಬೇಕು ಎಂದು ಇನ್ನೊಂದು. ಅಮೆರಿಕದ ರಾಷ್ಟ್ರೀಯ ಓದಿನ ಸಮಿತಿ 2000ದಲ್ಲಿ ಕೊಟ್ಟ ವರದಿ, ಉಲಿಗಳನ್ನು ಕ್ರಮಬದ್ಧವಾಗಿ ಕಲಿಸುವುದರಿಂದ ಮಕ್ಕಳಿಗೆ ಲಾಭವಿದೆ ಎಂದು ಹೇಳಿತು. ಇಂಗ್ಲೆಂಡಿನಲ್ಲಿ 2012ರಿಂದ 1ನೇ ವರ್ಷದ ಮಕ್ಕಳಿಗೆ ಒಂದು ಚಿಕ್ಕ ಪರೀಕ್ಷೆ ಇದೆ. ಅದರಲ್ಲಿ ಅರ್ಥವೇ ಇಲ್ಲದ, ಕಟ್ಟಿ ಮಾಡಿದ ಪದಗಳನ್ನೂ ಕೊಡುತ್ತಾರೆ. ಅವನ್ನು ಬಾಯಿಪಾಠ ಮಾಡಿಕೊಂಡು ಬರಲು ಸಾಧ್ಯವೇ ಇಲ್ಲ, ಓದಿದರೆ ಮಾತ್ರ ಬರುತ್ತವೆ.

ಉಲಿ ಕೂಡಿಸಿ ಓದಲು ಮಗುವಿಗೆ ಸಿಗುವ ಸುಲಭದ ಮೆಟ್ಟಿಲು ಹ್ರಸ್ವ ಸ್ವರದ ಪದಕುಟುಂಬ. ಪೆನ್, ಹೆನ್, ಮೆನ್, ಟೆನ್. ನಡುವಿನ ಸ್ವರ, ಕೊನೆಯ ವ್ಯಂಜನ ಎರಡೂ ಹಾಗೆಯೇ ಇರುತ್ತವೆ, ಮೊದಲ ಉಲಿ ಮಾತ್ರ ಬದಲಾಗುತ್ತದೆ. ಕಾಗುಣಿತದಲ್ಲಿ ನಾವು ವ್ಯಂಜನವನ್ನು ಹಿಡಿದಿಟ್ಟು ಸ್ವರ ಬದಲಿಸುತ್ತೇವೆ, ಇಲ್ಲಿ ಸ್ವರವನ್ನು ಹಿಡಿದಿಟ್ಟು ವ್ಯಂಜನ ಬದಲಿಸುತ್ತೇವೆ, ಅಷ್ಟೇ. ಒಟ್ಟು 37 ಪದಕುಟುಂಬಗಳಿಂದ ಚಿಕ್ಕ ತರಗತಿಯ ಸುಮಾರು 500 ಪದಗಳು ಹುಟ್ಟುತ್ತವೆ ಎಂದು ವೈಲಿ ಮತ್ತು ಡರೆಲ್ ಎಂಬ ಅಮೆರಿಕದ ವಿದ್ವಾಂಸರು 1970ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. 500 ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದೆಲ್ಲಿ, 37 ಬೀಗದ ಕೈಗಳನ್ನು ಹಿಡಿಯುವುದೆಲ್ಲಿ?

ಆದರೆ ಹೊರದೇಶದ ಪುಸ್ತಕವನ್ನು ಹಾಗೆಯೇ ತಂದು ನಮ್ಮ ಮಕ್ಕಳ ಮುಂದಿಟ್ಟರೆ ಸಾಲದು. ಆ ಪುಸ್ತಕಗಳು ಸಾಮಾನ್ಯವಾಗಿ ‘ಕ್ಯಾಟ್, ಬ್ಯಾಟ್, ಮ್ಯಾಟ್’ನಿಂದ ಆರಂಭವಾಗುತ್ತವೆ. ಕನ್ನಡದ ಕಿವಿಗೆ ಅದು ಸುಲಭದ ಆರಂಭವಲ್ಲ. ಎಲ್ಲಿಂದ ಆರಂಭಿಸಬೇಕು ಎಂಬುದನ್ನು ನಮ್ಮ ಹಳ್ಳಿಯ ಮಾತೇ ಹೇಳಿಕೊಡುತ್ತದೆ.

ಇಂಗ್ಲಿಷ್ ಪದಗಳನ್ನು ನಮ್ಮ ಜನ ಹೇಗೆ ಕನ್ನಡ ಮಾಡಿಕೊಂಡಿದ್ದಾರೆ ನೋಡಿ. ಬಸ್ಸು, ಕಪ್ಪು, ಪೆನ್ನು, ಪಿನ್ನು, ಬಿಲ್ಲು, ನಟ್ಟು, ಟಬ್ಬು, ಬೆಡ್ಡು. ಇನ್ನೊಂದು ಕಡೆ ಗೇಟು, ರೋಡು, ಕೋಟು, ಪೈಪು, ರೈಲು. ಮೊದಲ ಗುಂಪಿನಲ್ಲಿ ಕೊನೆಯ ವ್ಯಂಜನಕ್ಕೆ ಒತ್ತು ಬಿದ್ದಿದೆ, ಎರಡನೆಯ ಗುಂಪಿನಲ್ಲಿ ಇಲ್ಲ. ಯಾಕೆ? ಮೊದಲ ಗುಂಪಿನ ಸ್ವರ ಹ್ರಸ್ವ, ಎರಡನೆಯದರದು ದೀರ್ಘ. ಕಲ್ಲು ಮತ್ತು ಕಾಲು, ಹಲ್ಲು ಮತ್ತು ಹಾಲು, ಇವುಗಳ ನಡುವೆ ಇರುವುದೂ ಇದೇ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಕೂಡ ‘ಬಸ್ಸು ಬಂತು, ಗೇಟು ತಗಿ’ ಎನ್ನುವಾಗ ಇಂಗ್ಲಿಷಿನ ಹ್ರಸ್ವ ದೀರ್ಘಗಳನ್ನು ತಪ್ಪದೆ ಬೇರೆ ಮಾಡುತ್ತಾಳೆ. ಅಂದರೆ ಮಗು ಶಾಲೆಗೆ ಬರುವ ಮೊದಲೇ ಆ ಅರಿವು ಅದರ ಕಿವಿಯಲ್ಲಿದೆ. ಅದನ್ನು ಕಾಗದಕ್ಕೆ ಇಳಿಸುವುದಷ್ಟೇ ನಮ್ಮ ಕೆಲಸ.

ಹೊಸಗನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದ ಮಗು ‘ಪೆನ್’ ಎಂಬುದನ್ನು ‘ಪೆನ್ನು’ ಎನ್ನುತ್ತದೆ. ಇದಕ್ಕೆ ಮಗುವನ್ನು ಗದರುವ ಶಿಕ್ಷಕರನ್ನು ಕಂಡಿದ್ದೇನೆ. ಹಳಗನ್ನಡದಲ್ಲಿ ಕಲ್ಲು ‘ಕಲ್’ ಆಗಿತ್ತು, ಕಣ್ಣು ‘ಕಣ್’, ಹೆಣ್ಣು ‘ಪೆಣ್’, ಮಣ್ಣು ‘ಮಣ್’. ವ್ಯಂಜನದಲ್ಲಿ ಮುಗಿಯುವ ಪದ ನಮಗೆ ಪರಕೀಯವಲ್ಲ, ನಮ್ಮ ಹಿರಿಯರ ಬಾಯಿಯಲ್ಲಿ ಇದ್ದದ್ದೇ. ‘ಪೆನ್ನು ಅನ್ನೋದರ ಬಾಲ ಕತ್ತರಿಸು’ ಎಂದರೆ ಮಗು ನಗುತ್ತ ‘ಪೆನ್’ ಎನ್ನುತ್ತದೆ. ಗದರುವ ಅಗತ್ಯವೇ ಬರುವುದಿಲ್ಲ.

ಇಷ್ಟು ತಿಳಿದ ಮೇಲೆ ಕ್ರಮ ತಾನಾಗಿ ಸಿಗುತ್ತದೆ. ಇಂಗ್ಲಿಷಿನ ಐದು ಹ್ರಸ್ವ ಸ್ವರಗಳಲ್ಲಿ ಎರಡು ನಮ್ಮ ‘ಎ’ ಮತ್ತು ‘ಇ’ಗಳಿಗೆ ಹತ್ತಿರ. ಆದ್ದರಿಂದ ಮೊದಲು ‘ಎ’ ಉಲಿಯ ಮನೆಗಳು: ಪೆನ್, ಹೆನ್, ಟೆನ್; ನೆಟ್, ಸೆಟ್, ಪೆಟ್; ಬೆಡ್, ರೆಡ್. ಇಲ್ಲಿಯೇ ಒಂದು ಎಚ್ಚರಿಕೆ ಬೇಕು. ಇಂಗ್ಲಿಷಿನಲ್ಲಿ ಈ ಉಲಿಯನ್ನು ಬರೆಯುವ ಅಕ್ಷರದ ಹೆಸರು ‘ಈ’. ಹೆಸರನ್ನು ಬದಿಗಿಟ್ಟು ಉಲಿಯನ್ನೇ ಮೊದಲು ಹೇಳಿಕೊಡಬೇಕು. ಎರಡನೆಯದಾಗಿ ‘ಇ’ ಉಲಿಯ ಮನೆಗಳು: ಪಿನ್, ಟಿನ್, ಬಿನ್, ಬಿಗ್, ಪಿಗ್, ಡಿಗ್, ಸಿಟ್, ಹಿಟ್.

ಮೂರನೆಯದು ಬಸ್, ಕಪ್, ನಟ್, ಕಟ್, ಸನ್, ರನ್. ಇವುಗಳ ಸ್ವರ ನಮ್ಮ ‘ಅ’ಕ್ಕೆ ಸಮೀಪ, ಆದರೆ ಬರೆಯುವ ಅಕ್ಷರದ ಹೆಸರು ‘ಯು’. ಹೆಸರನ್ನು ನಂಬಿದ ಮಗು ‘ಕುಪ್’ ಎಂದು ಓದುತ್ತದೆ. ದಿನವೂ ಬಾಯಲ್ಲಿರುವ ‘ಬಸ್ಸು’ ಪದವನ್ನೇ ಸಾಕ್ಷಿಗೆ ನಿಲ್ಲಿಸಿದರೆ ಗೊಂದಲ ಕಳೆಯುತ್ತದೆ.

ನಾಲ್ಕನೆಯದು ಬ್ಯಾಟ್, ಮ್ಯಾಟ್, ಹ್ಯಾಟ್, ಪ್ಯಾನ್. ಈ ಉಲಿಗೆ ಗ್ರಂಥದ ಕನ್ನಡದಲ್ಲಿ ಅಕ್ಷರವಿಲ್ಲ. ಆದರೆ ನಮ್ಮ ಬಡಗಣ ಕರ್ನಾಟಕದ ಮನೆಮಾತಿನಲ್ಲಿ ಇದು ಧಾರಾಳವಾಗಿದೆ. ಬ್ಯಾಡ, ಬ್ಯಾಳಿ, ಬ್ಯಾಸಗಿ, ಮ್ಯಾಲೆ, ಪ್ಯಾಟಿ. ‘ಬ್ಯಾಡ’ ಎಂದರೆ ತಪ್ಪು, ‘ಬೇಡ’ ಎನ್ನು ಎಂದು ಎಷ್ಟೋ ಮಕ್ಕಳ ಬಾಯಿ ಮುಚ್ಚಿಸಿದ್ದಾರೆ. ಅದೇ ‘ಬ್ಯಾಡ’ ಇಂಗ್ಲಿಷಿನ ಒಂದು ಕಷ್ಟದ ಸ್ವರಕ್ಕೆ ನೇರ ಸೇತುವೆ. ಅದನ್ನು ತುಸು ಚಿಕ್ಕದಾಗಿ ನುಡಿದರೆ ‘ಬ್ಯಾಟ್’ ಬಂತು. ಜನರ ಮಾತಿನಲ್ಲಿ ಅನುಭಾವವನ್ನೇ ನುಡಿದ ಶರಣರ ಅನುಯಾಯಿಗಳಾದ ನಾವು, ಮಗುವಿನ ಮನೆಮಾತನ್ನು ಹೀಗಳೆಯುವುದು ಯಾವ ನ್ಯಾಯ?

ಐದನೆಯದು, ಎಲ್ಲಕ್ಕಿಂತ ಕೊನೆಗೆ, ಲಾಕ್, ಬಾಕ್ಸ್, ಪಾಟ್, ಹಾಟ್. ಬರೆಯುವುದು ‘ಓ’ ಎಂಬ ಹೆಸರಿನ ಅಕ್ಷರದಿಂದ, ಇಂಗ್ಲಿಷಿನವರಿಗೆ ಅದು ಹ್ರಸ್ವ, ನಮ್ಮ ಕಿವಿಗೆ ಕೇಳುವುದು ‘ಆ’ಕಾರ. ‘ಲಾಕು’ ಎಂದು ಜನ ಒತ್ತಿಲ್ಲದೆ ಹೇಳುವುದೂ ಅದಕ್ಕೇ. ‘ಬ್ಯಾಟು’, ‘ಬ್ಯಾಗು’ಗಳ ಕಥೆಯೂ ಇದೇ. ಒತ್ತಿನ ಲೆಕ್ಕ ಹೊಂದದ ಈ ಎರಡು ಸ್ವರಗಳನ್ನು ತಡವಾಗಿ ಕಲಿಸಬೇಕು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಐದೂ ಬಂದ ಮೇಲೆ ಮುಖ್ಯವಾದ ಅಭ್ಯಾಸ ಒಂದಿದೆ. ಪೆನ್, ಪಿನ್, ಪನ್, ಪ್ಯಾನ್ ಎಂದು ನಡುವಿನ ಸ್ವರವನ್ನಷ್ಟೇ ಬದಲಿಸಿ ಓದಿಸಬೇಕು. ಬೆಟ್, ಬಿಟ್, ಬಟ್, ಬ್ಯಾಟ್. ಕೊನೆಯ ಉಲಿಯನ್ನೂ ಬದಲಿಸಬೇಕು. ಇಲ್ಲದಿದ್ದರೆ ಪದಕುಟುಂಬವೂ ಹೊಸದೊಂದು ಬಾಯಿಪಾಠವಾಗುತ್ತದೆ, ಮಗು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತದೆ. ವಾರಕ್ಕೊಮ್ಮೆ ಅರ್ಥವಿಲ್ಲದ ‘ಮೆಪ್’, ‘ಡಿಬ್’ ಇಂತಹ ಪದ ಬರೆದು ಓದಿಸಿ ನೋಡಿ. ಅದನ್ನು ಓದಿದ ಮಗುವಿಗೆ ಓದು ಬಂದಿದೆ. ಈ ದಾರಿಗೆ ಸಿಗದ ಪದಗಳೂ ಇವೆ. ‘ಕಟ್’ ಇದ್ದಂತೆ ‘ಪುಟ್’ ಇಲ್ಲ. ಅಂತಹವನ್ನು ಬೇರೆ ಪಟ್ಟಿ ಮಾಡಿ, ಇವು ನೆನಪಿಡಬೇಕಾದವು ಎಂದು ಪ್ರಾಮಾಣಿಕವಾಗಿ ಹೇಳಿದರೆ ಮಗು ಒಪ್ಪಿಕೊಳ್ಳುತ್ತದೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಬಾಯಿಪಾಠವೇ ತಪ್ಪಾದರೆ ಮಕ್ಕಳಿಂದ ವಚನ ಕಂಠಪಾಠ ಮಾಡಿಸುವುದೂ ತಪ್ಪೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ತಪ್ಪಲ್ಲ. ಕಂಠಸ್ಥವಾದ ವಚನ ಬದುಕಿನ ಕಷ್ಟದ ಗಳಿಗೆಯಲ್ಲಿ ಕೈಹಿಡಿಯುತ್ತದೆ. ಆದರೆ ಕಂಠಪಾಠ ಓದಿನ ಸ್ಥಾನದಲ್ಲಿ ಕೂಡಬಾರದು. ಫ.ಗು. ಹಳಕಟ್ಟಿಯವರು ವಚನಗಳನ್ನು ಅರಸಿ ಊರೂರು ತಿರುಗಿದಾಗ ತಾಳೆಗರಿಯ ಕಟ್ಟುಗಳು ಎಷ್ಟೋ ಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಪೂಜೆ ನಡೆಯುತ್ತಿತ್ತು, ಓದು ನಿಂತಿತ್ತು. ಅವರು ಅವನ್ನು ಓದಿದರು, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಆ ಮೇಲೆ ನಮಗೆ ನಮ್ಮ ಧರ್ಮದ ಮುಖ ಕಂಡಿತು. ವಕೀಲಿ ಓದಿದ ಹಳಕಟ್ಟಿಯವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಅದರಿಂದ ಅವರ ಕನ್ನಡ ಕುಂದಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದ್ದೂ, ಹೊಸ ವಿದ್ಯೆ ನಮ್ಮ ಮಕ್ಕಳಿಗೆ ಎಟುಕಲಿ ಎಂದೇ.

ಎರಡನೆಯ ಆಕ್ಷೇಪ, ಇಷ್ಟೆಲ್ಲ ಏಕೆ, ಮಠದಿಂದಲೇ ಇಂಗ್ಲಿಷ್ ಮಾಧ್ಯಮ ಶಾಲೆ ತೆರೆದರಾಯಿತಲ್ಲ ಎಂಬುದು. ಹಾಗೆ ತೆರೆದ ಕಡೆ ನಾನು ಕಂಡದ್ದು ಎರಡು ಸಾಲು. ಶುಲ್ಕ ಕೊಡುವವರಿಗೆ ಒಂದು ಕಟ್ಟಡ, ಪ್ರಸಾದ ನಿಲಯದವರಿಗೆ ಇನ್ನೊಂದು. ಒಂದೇ ಮಠದ ಅಂಗಳದಲ್ಲಿ ಎರಡು ಪಂಕ್ತಿ! ಊಟದಲ್ಲಿ ಪಂಕ್ತಿಭೇದವನ್ನು ಅಳಿಸಿದವರು ನಾವು, ಓದಿನಲ್ಲಿ ಅದನ್ನು ಉಳಿಸಿಕೊಳ್ಳಬಾರದು. ಕನ್ನಡ ಓದು ಗಟ್ಟಿಯಾಗದ ಮಗುವಿನ ಮೇಲೆ ಇಂಗ್ಲಿಷ್ ಮಾಧ್ಯಮ ಹೇರಿದರೆ ಅದಕ್ಕೆ ಎರಡೂ ದಕ್ಕುವುದಿಲ್ಲ.

ಕಲಿಸುವವರು ಯಾರು ಎಂಬುದು ಮೂರನೆಯ ಪ್ರಶ್ನೆ. ಇದಕ್ಕೆ ದೊಡ್ಡ ಪದವಿ ಬೇಡ, ತಾಳ್ಮೆ ಬೇಕು. ಪ್ರಸಾದ ನಿಲಯದ ಹಿರಿಯ ವಿದ್ಯಾರ್ಥಿಗಳು, ಊರಿನ ನಿವೃತ್ತ ಶಿಕ್ಷಕರು, ಅಕ್ಕನ ಬಳಗದ ತಾಯಂದಿರು ಈ ಕಾಯಕವನ್ನು ಕೈಗೊಳ್ಳಬಹುದು. ರಟ್ಟಿನ ಚೀಟಿ, ಒಂದು ಹಲಗೆ, ದಿನಕ್ಕೆ ಇಪ್ಪತ್ತು ನಿಮಿಷ. ಉಚ್ಚಾರ ಇಂಗ್ಲೆಂಡಿನವರಂತೆ ಇರಬೇಕಾಗಿಲ್ಲ, ಒಂದು ಸ್ವರಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕೇಳಿದರೆ ಸಾಕು.

ಪೂಜ್ಯರಲ್ಲಿ ಮತ್ತು ಸಂಸ್ಥೆಗಳ ಹಿರಿಯರಲ್ಲಿ ನನ್ನ ಬಿನ್ನಹ ಮೂರು. ಒಂದು, ಪ್ರತಿ ಪ್ರಸಾದ ನಿಲಯದಲ್ಲಿ ಪ್ರತಿ ಮಗುವಿನ ಕನ್ನಡ ಓದನ್ನು ಮೊದಲು ಪರೀಕ್ಷಿಸಿ. ಕಾಗುಣಿತ, ಒತ್ತಕ್ಷರ ಸಲೀಸಾದ ಮೇಲೆಯೇ ಇಂಗ್ಲಿಷ್ ಓದಿಗೆ ಕೈಹಾಕಿ. ಎರಡು, ಮೇಲೆ ಹೇಳಿದ ಕ್ರಮದಲ್ಲಿ ಪದಕುಟುಂಬದ ಒಂದು ಚಿಕ್ಕ ಪುಸ್ತಿಕೆಯನ್ನು ಮಠಗಳು ಸೇರಿ ಅಚ್ಚು ಹಾಕಿಸಿ ಹಂಚಲಿ. ವಚನ ಪುಸ್ತಕ ಹಂಚುವ ನಮಗೆ ಇದು ಭಾರವಲ್ಲ.

ಮೂರನೆಯದು ವೇದಿಕೆಯ ಮಾತು. ಬಸವ ಜಯಂತಿಯಲ್ಲಿ, ಜಾತ್ರೆಯಲ್ಲಿ, ಶರಣ ಸಂಗಮದಲ್ಲಿ ಪುಟ್ಟ ಮಗುವೊಂದು ಇಂಗ್ಲಿಷ್ ಭಾಷಣ ಒಪ್ಪಿಸುತ್ತದೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಈ ವರ್ಷ ಅದನ್ನು ನಿಲ್ಲಿಸೋಣ. ಮಗುವಿನ ಕೈಗೆ ಅದು ಎಂದೂ ನೋಡಿರದ ಒಂದು ಪುಟ ಕೊಡೋಣ, ಒಂದು ಬದಿ ಕನ್ನಡ, ಇನ್ನೊಂದು ಬದಿ ನಾಲ್ಕು ಸಾಲು ಸರಳ ಇಂಗ್ಲಿಷ್. ತಡವರಿಸುತ್ತ, ಬೆರಳಿಟ್ಟು, ಉಲಿ ಕೂಡಿಸಿ ಅದು ಓದಲಿ. ತಡವಾದರೂ ನಾವು ಕಾಯೋಣ. ಚಪ್ಪಾಳೆ ಆ ಓದಿಗೆ ಸಲ್ಲಲಿ.